ಬೇಡ ಅಂದವನಿಗೆ ಒಂದು ಸೂರು: ನಮ್ಮ ಸಭೆಯ ಹಿರಿಯರಿಗೆ ಬಹಿರಂಗ ಪತ್ರ

ಮಾನ್ಯ ಸಭಾಪಾಲಕರಿಗೆ, ಹಿರಿಯರಿಗೆ, ಕಮಿಟಿಯವರಿಗೆ, ಭಾನುವಾರ ನನ್ನ ಹಿಂದೆ ಮುಂದೆ ಕೂರುವ ಎಲ್ಲರಿಗೂ,

ಕರ್ತನಲ್ಲಿ ವಂದನೆಗಳು.

ಈ ಪತ್ರವನ್ನು ಕವರಿನಲ್ಲಿ ಹಾಕಿ ಸೆಕ್ರೆಟರಿಯವರ ಕೈಗೆ ಕೊಡಬಹುದಿತ್ತು. ಆದರೆ ನಾನು 33 ವರ್ಷ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವಳು. ಕವರಿನಲ್ಲಿ ಕೊಟ್ಟ ಪತ್ರ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತು. ಅದು ಫೈಲಿಗೆ ಹೋಗುತ್ತದೆ, ಫೈಲು ಕಪಾಟಿಗೆ ಹೋಗುತ್ತದೆ, ಕಪಾಟಿಗೆ ಗೆದ್ದಲು ಬರುತ್ತದೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಊರಿನ ಹೆಸರು ಹಾಕಿಲ್ಲ, ಸಭೆಯ ಹೆಸರು ಹಾಕಿಲ್ಲ, ನನ್ನ ಹೆಸರೂ ಇಲ್ಲ. ಕರಾವಳಿಯ ಒಂದು ಹಳೇ ಹೆಂಚಿನ ಮಾಡಿನ ಕ್ರೈಸ್ತ ದೇವಾಲಯ, ಅಲ್ಲಿ ಕೂಡುವ ಸಭೆ ಅಂದರೆ ಸಾಕು. ಓದಿದ ಕೂಡಲೇ ನಿಮಗೆ ಯಾರು ಅಂತ ಗೊತ್ತಾಗುತ್ತದೆ. ಬೇರೆಯವರಿಗೆ ಗೊತ್ತಾಗುವ ಅಗತ್ಯ ಇಲ್ಲ. ಯಾಕೆಂದರೆ ಇದರಲ್ಲಿ ಒಬ್ಬ ಹುಡುಗನ ವಿಷಯ ಇದೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಹೋದ ತಿಂಗಳ ಎರಡನೇ ಭಾನುವಾರ ಪ್ರಾರ್ಥನೆಯಲ್ಲಿ "ಕೆಲಸ ಕಳೆದುಕೊಂಡಿರುವ ನಮ್ಮ ಸಭೆಯ ಯೌವನಸ್ಥನಿಗಾಗಿ" ಅಂತ, ಸಭಾಪಾಲಕ ಅಯ್ಯನವರೇ, ನೀವು ಅಂದಿರಿ. ನಾವೆಲ್ಲ ತಲೆ ಬಗ್ಗಿಸಿ ಆಮೆನ್ ಅಂದೆವು. ಆಮೇಲೆ ಕಾಯಿಲೆಯವರ ಪಟ್ಟಿ ಬಂತು, ಪರೀಕ್ಷೆ ಬರೆಯುವ ಮಕ್ಕಳ ಪಟ್ಟಿ ಬಂತು. ಅಲ್ಲಿಗೆ ಮುಗಿಯಿತು.

ಆ ಹುಡುಗ ಕೆಲಸ ಕಳೆದುಕೊಂಡಿಲ್ಲ. ಬಸ್ಸಿನಲ್ಲಿ ಪರ್ಸು ಕಳೆದುಹೋದ ಹಾಗೆ ಅವನ ಕೆಲಸ ಕಳೆದುಹೋಗಲಿಲ್ಲ. ಅವನು ಬೇಡ ಅಂದು ಬಂದ.

ಅವನು ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದ. ತಿಂಗಳಿಗೆ 14,000 ರೂಪಾಯಿ. ಮಾತ್ರೆಯ ಸ್ಟ್ರಿಪ್ ನೋಡಿರುತ್ತೀರಿ. ಅದರ ಒಂದು ತುದಿಯಲ್ಲಿ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಒತ್ತಿರುತ್ತಾರೆ. ಯಾರಾದರೂ ನಾಲ್ಕೇ ಮಾತ್ರೆ ಕೇಳಿದರೆ ಆ ತುದಿಯನ್ನು ಉಳಿಸಿಕೊಂಡು ಇನ್ನೊಂದು ಕಡೆಯಿಂದ ಕತ್ತರಿಸಬೇಕು. ಕೊನೆಗೆ ಉಳಿಯುವ ತುಂಡಿನಲ್ಲಿ ತಾರೀಕು ಇರಬೇಕಲ್ಲ, ಅದಕ್ಕೆ. ಇವನಿಗೆ ಉಲ್ಟಾ ಹೇಳಿದರು. ತಾರೀಕಿನ ತುದಿಯನ್ನೇ ಮೊದಲು ಕತ್ತರಿಸು, ಉಳಿದದ್ದನ್ನು ಡಬ್ಬಿಗೆ ಹಾಕು. ಡಬ್ಬಿಯಲ್ಲಿ ಬಿದ್ದ ತುಂಡಿಗೆ ವಯಸ್ಸೇ ಇಲ್ಲ. ಇವತ್ತೂ ಮಾರಬಹುದು, ಬರುವ ವರ್ಷವೂ ಮಾರಬಹುದು. ಪೂರ್ತಿ ಸ್ಟ್ರಿಪ್ ತೆಗೆದುಕೊಳ್ಳಲು ದುಡ್ಡಿಲ್ಲದೆ ನಾಲ್ಕು, ಆರು ಅಂತ ಬಿಡಿ ಮಾತ್ರೆ ಕೇಳುವವರು ಯಾರು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಎರಡು ವಾರ ಇವನು ಸುಮ್ನೆ ಇದ್ದ. ಹೇಳಿದ ಹಾಗೆ ಕತ್ತರಿಸಿದ ಕೂಡ. ಅದನ್ನು ಅವನೇ ನನಗೆ ಹೇಳಿದ, ಮುಚ್ಚಿಡಲಿಲ್ಲ. ಆಮೇಲೆ ಒಂದು ದಿನ ಡಬ್ಬಿಯನ್ನು ಯಜಮಾನರ ಮುಂದೆ ಇಟ್ಟು "ಇದು ನನ್ನಿಂದ ಆಗುವುದಿಲ್ಲ" ಅಂದನಂತೆ. "ಆಗದಿದ್ದರೆ ಹೊರಡು" ಅಂದರಂತೆ. ಹೊರಟ.

"ಆಂಟಿ, ನಾನು ಹೀರೋ ಆಗ್ಲಿಕ್ಕೆ ಹೋದದ್ದಲ್ಲ. ನಮ್ಮ ಅಜ್ಜಿಗೂ ಅಲ್ಲಿಂದಲೇ ಮಾತ್ರೆ ತರುವುದು" ಅಂದ.

ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ, ಚಪ್ಪಲಿ ಬಿಡುವ ಜಾಗದಲ್ಲಿ, ನಮ್ಮವರೇ ಇಬ್ಬರು ಮಾತಾಡಿದ್ದು ನನ್ನ ಕಿವಿಗೆ ಬಿತ್ತು. "ಇವನಿಗೆ ಎಂತಕ್ಕೆ ಬೇಕಿತ್ತು? ಅಂಗಡಿ ಇವನದ್ದಾ?" ಅವರ ಮೇಲೆ ನನಗೆ ಸಿಟ್ಟಿಲ್ಲ. ನಾವೆಲ್ಲ ಹಾಗೇ ಯೋಚಿಸುವವರು. ಅರ್ಧ ಗಂಟೆ ಮುಂಚೆ ಅದೇ ಇಬ್ಬರು, ಅವರ ಜೊತೆ ನಾನೂ ಸೇರಿ, "ಶೋಧನೆಯೊಳಗೆ ಸೇರಿಸದೆ ಕೇಡಿನಿಂದ ನಮ್ಮನ್ನು ತಪ್ಪಿಸು" ಅಂತ ಗಟ್ಟಿಯಾಗಿ ಹೇಳಿದ್ದೆವು, ಅಷ್ಟೇ.

ಈ ಹುಡುಗನ ಹತ್ತಿರ ನಾನು ಹೋಗಿ ಕೂತದ್ದಕ್ಕೆ ಕಾರಣ ಇದೆ. ನಿಮ್ಮಲ್ಲಿ ವಯಸ್ಸಾದವರಿಗೆ ಮಾತ್ರ ಗೊತ್ತಿರುವ ವಿಷಯ. ಈಗ ಎಲ್ಲರಿಗೂ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ನನಗೆ ಉಗ್ರಾಣದ ಲೆಕ್ಕ ಕೊಟ್ಟಿದ್ದರು. ಹಾಸ್ಟೆಲುಗಳಿಗೆ ಹೋಗುವ ಸಾಮಾನು ಮೊದಲು ನಮ್ಮಲ್ಲಿಗೆ ಬರುತ್ತಿತ್ತು. ಸರ್ಕಾರಿ ಕೆಲಸ ಮಾಡಿದವರಿಗೆ ಮಾರ್ಚ್ ತಿಂಗಳು ಅಂದರೆ ಏನು ಅಂತ ಗೊತ್ತು. 31ನೇ ತಾರೀಕಿನೊಳಗೆ ಬಿಲ್ಲು ಖಜಾನೆಗೆ ಹೋಗದಿದ್ದರೆ ಆ ವರ್ಷದ ಹಣ ಕೈತಪ್ಪಿ ಹೋಗುತ್ತದೆ. ಬಿಲ್ಲು ಹೋಗಬೇಕಾದರೆ ಮಾಲು ಬಂದಿದೆ ಅಂತ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಆ ವರ್ಷ 200 ಹೊದಿಕೆಗೆ ಬಿಲ್ಲು. ಬಂದದ್ದು 140. "ಸಹಿ ಹಾಕಮ್ಮ, ಉಳಿದದ್ದು ಏಪ್ರಿಲ್‌ನಲ್ಲಿ ಬರ್ತದೆ" ಅಂದರು. ನನಗೆ ಆಗ 26 ವರ್ಷ, ಕೆಲಸ ಕಾಯಂ ಆಗಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ಸಹಿ ಹಾಕಿದೆ. ಅದಕ್ಕೆ ನಾನು ಕೊಟ್ಟುಕೊಂಡ ಸಮಾಧಾನ, ಎಲ್ಲರೂ ಹಾಕುತ್ತಾರೆ ಅಂತ. ನಿಜವೇ, ಎಲ್ಲರೂ ಹಾಕುತ್ತಿದ್ದರು.

ಏಪ್ರಿಲ್ ಬಂತು, ಮೇ ಬಂತು. 60 ಹೊದಿಕೆ ಬರಲಿಲ್ಲ. ಜುಲೈಯಲ್ಲಿ ಒಂದು ಹಾಸ್ಟೆಲಿಗೆ ಲೆಕ್ಕ ತಾಳೆ ನೋಡಲು ನನ್ನನ್ನು ಕಳಿಸಿದರು. ನಮ್ಮ ಕಡೆಯ ಜುಲೈ ಮಳೆ ನಿಮಗೆ ಗೊತ್ತಲ್ಲ, ಗೋಡೆ ಕೂಡ ಬೆವರುತ್ತದೆ. ಅಲ್ಲಿ ಒಂದು ಹೊದಿಕೆಯಲ್ಲಿ ಇಬ್ಬಿಬ್ಬರು ಮಕ್ಕಳು ಮಲಗುತ್ತಿದ್ದರು. ಒಬ್ಬ ಸಣ್ಣ ಹುಡುಗ ಹೊದಿಕೆಯ ಮೂಲೆಯಲ್ಲಿ ಇಂಕಿನಿಂದ ತನ್ನ ಹೆಸರು ಬರೆದುಕೊಂಡಿದ್ದ. ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬನ ಹೆಸರು. ನನ್ನ ರಿಜಿಸ್ಟರಿನಲ್ಲಿ ಇಬ್ಬರಿಗೂ ಒಂದೊಂದು ಹೊದಿಕೆ ಇತ್ತು.

ಅದಾದ ಮೇಲೆ ದೇವಾಲಯದಲ್ಲಿ ಪಾಪದ ಅರಿಕೆ ಮಾಡುವಾಗ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಮಾಡಬಾರದ್ದನ್ನು ಮಾಡಿದ್ದೇವೆ ಅಂತ ಎಲ್ಲರ ಜೊತೆ ರಾಗವಾಗಿ ಹೇಳುವುದು ಸುಲಭ. ಹೊದಿಕೆ ಅಂತ ಮನಸ್ಸಿನಲ್ಲಿ ಬಂದರೆ ಹೇಳಲು ಆಗುವುದಿಲ್ಲ. ಕೊನೆಗೆ ಒಂದು ಭಾನುವಾರ, ಕರ್ತನ ಭೋಜನಕ್ಕೆ ಮುಂದೆ ಹೋಗುವ ಮೊದಲು, ಮನಸ್ಸಿನಲ್ಲೇ ಬಿಡಿಸಿ ಹೇಳಿದೆ. 60 ಹೊದಿಕೆ, ನನ್ನ ಸಹಿ, ಇಂಥ ತಾರೀಕು. ಕಚೇರಿಯವಳು ಅಲ್ವಾ, ದೇವರಿಗೂ ಲೆಕ್ಕ ಹಾಗೇ ಒಪ್ಪಿಸಿದೆ.

ಆ ದಿನ ಏನಾಯಿತು ಅಂತ ಅರ್ಥ ಆಗಲು ನನಗೆ ತುಂಬಾ ವರ್ಷ ಬೇಕಾಯಿತು. ನನಗೆ ಧೈರ್ಯ ಬರಲಿಲ್ಲ. ನಾನು ಜಿರಳೆ ಕಂಡರೆ ಬೆಂಚು ಹತ್ತುವವಳು, ಈಗಲೂ. ಆದರೆ ಕ್ಷಮೆ ಸಿಕ್ಕಿದೆ ಅಂತ ನಂಬಿದೆ. ಅದು ಇಲ್ಲದಿದ್ದರೆ ಹಳೇ ಸಹಿಯನ್ನು ನಾನು ಸಮರ್ಥಿಸಿಕೊಳ್ಳುತ್ತಲೇ ಇರಬೇಕಿತ್ತು. ಸಮರ್ಥಿಸಿಕೊಳ್ಳಬೇಕಾದರೆ ಮುಂದಿನ ಮಾರ್ಚಿನಲ್ಲಿ ಇನ್ನೊಂದು ಸಹಿ ಹಾಕಬೇಕು. ಇಲ್ಲದಿದ್ದರೆ ಹೋದ ವರ್ಷ ಯಾಕೆ ಹಾಕಿದೆ ಅಂತ ಪ್ರಶ್ನೆ ಬರುತ್ತದಲ್ಲ! ಒಂದು ತಪ್ಪು ಇನ್ನೊಂದನ್ನು ಎಳೆಯುವುದೇ ಹೀಗೆ. ನಮ್ಮ ಕಚೇರಿಯಲ್ಲಿ ಕೆಟ್ಟವರು ಕಡಿಮೆ ಇದ್ದರು. ಹಳೇ ಸಹಿಗೆ ಹೊಸ ಸಹಿ ಜೋಡಿಸುತ್ತಾ ಬಂದವರೇ ಜಾಸ್ತಿ.

ಮುಂದಿನ ಮಾರ್ಚಿನಲ್ಲಿ 80 ಟ್ರಂಕಿನ ಬಿಲ್ಲು. ಬಂದದ್ದು 52. ನಾನು ರಿಜಿಸ್ಟರಿನಲ್ಲಿ "52 ಮಾತ್ರ ಬಂದಿದೆ" ಅಂತ ಬರೆದೆ. ಮಾತ್ರ ಅನ್ನುವ ಪದದ ಮೇಲೆ ಇಂಕು ಹರಡಿತ್ತು, ಕೈ ಅಷ್ಟು ಬೆವರಿತ್ತು. ಸಾಹೇಬರು ಕರೆದು ಕೂರಿಸಿ ಚಾ ತರಿಸಿದರು. ಅದುವರೆಗೆ ನನ್ನನ್ನು ಅವರ ಎದುರು ಯಾರೂ ಕೂರಿಸಿರಲಿಲ್ಲ. "ಮಾತ್ರ ಅನ್ನುವುದನ್ನು ಹೊಡೆದುಹಾಕಿ 80 ಅಂತ ಮಾಡಿ, ಅಷ್ಟೇ" ಅಂದರು. ಬೈಯಲಿಲ್ಲ, ಹೆದರಿಸಲಿಲ್ಲ. ಅದೇ ಕಷ್ಟ ಆದದ್ದು. ಬೈದಿದ್ದರೆ ಎದ್ದು ಬರುವುದು ಸುಲಭ ಇತ್ತು. ಬಿಸಿ ಚಾ ಮುಂದೆ ಇಟ್ಟುಕೊಂಡು, ನಗುನಗುತ್ತಾ ಮಾತಾಡುವವರಿಗೆ ಆಗುವುದಿಲ್ಲ ಅನ್ನುವುದಿದೆಯಲ್ಲ!

ಜೂನ್‌ನಲ್ಲಿ ವರ್ಗ ಆಯಿತು. 62 ಕಿಲೋಮೀಟರು, ಎರಡು ಬಸ್ಸು. ಮಗಳು ಒಂದನೇ ಕ್ಲಾಸು. ನಮ್ಮ ಯಜಮಾನರು ಬೆಳಿಗ್ಗೆ 7 ಗಂಟೆಗೆ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಆಗ ನಮ್ಮ ಸಭೆಯ ಒಬ್ಬ ಹಿರಿಯರು (ಈಗ ಇಲ್ಲ, ಒಳ್ಳೆಯ ಮನುಷ್ಯರೇ) ನನಗೆ ಹೇಳಿದರು: "ಅಷ್ಟು ನಿಷ್ಠುರ ಯಾಕಮ್ಮ? ಸಹಿ ಹಾಕಿ ಆಮೇಲೆ ಪ್ರಾರ್ಥನೆ ಮಾಡಬಹುದಿತ್ತಲ್ಲ." ಬೇರೆಯವರು ಅದನ್ನೂ ಹೇಳಲಿಲ್ಲ. ಭಾನುವಾರ ಕೈಕುಲುಕುವಾಗ ಬೇಗ ಕೈ ಬಿಡುತ್ತಿದ್ದರು.

ಬಂದವರು ಒಬ್ಬರು. ಬೀಡಿ ಕಟ್ಟುತ್ತಿದ್ದ ಒಬ್ಬರು ದೊಡ್ಡಮ್ಮ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವರು. ಕಮಿಟಿಯಲ್ಲಿ ಇರಲಿಲ್ಲ, ಕೂಟಗಳಲ್ಲಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿದವರೂ ಅಲ್ಲ. ಒಂದು ಸಂಜೆ ಮನೆಗೆ ಬಂದು ಬಾಗಿಲಲ್ಲೇ ನಿಂತು, "ನಿಮ್ಮ ಬಸ್ಸು ಎಷ್ಟು ಹೊತ್ತಿಗೆ ಬರುವುದು?" ಅಂತ ಕೇಳಿದರು. ಏಳೂವರೆಗೆ ಅಂದೆ. "ಹಾಗಾದರೆ ಮಗು ಶಾಲೆಯಿಂದ ನಮ್ಮಲ್ಲಿಗೆ ಬರಲಿ" ಅಂದರು. ಅಷ್ಟೇ ಮಾತು. ಎರಡು ವರ್ಷ ನನ್ನ ಮಗಳು ಅವರ ಜಗಲಿಯಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡಿದಳು. ಅವರು ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಬೀಡಿ ಕಟ್ಟುತ್ತಾ ತಪ್ಪು ತಿದ್ದುತ್ತಿದ್ದರು. ಓದು ಬರಹ ಬರುತ್ತಿರಲಿಲ್ಲ, ಆದರೆ ಬೀಡಿಯ ಕಟ್ಟು 25ರ ಲೆಕ್ಕ, ಮಗ್ಗಿ ತಪ್ಪಿದರೆ ಅವರಿಗೆ ಕೂಡಲೇ ಗೊತ್ತಾಗುತ್ತಿತ್ತು. ಒಂದು ದಿನವೂ ನೀನು ಮಾಡಿದ್ದು ಸರಿ ಅಂತ ನನಗೆ ಹೇಳಲಿಲ್ಲ. ಮಗಳಿಗೆ ಸಂಜೆ ಗಂಜಿ ಕೊಟ್ಟಿರುತ್ತಿದ್ದರು.

ಅವರು ಇಲ್ಲದಿದ್ದರೆ ಎರಡನೇ ತಿಂಗಳಿಗೇ ನಾನು ಸಾಹೇಬರ ಹತ್ತಿರ ಹೋಗಿ ಕ್ಷಮೆ ಕೇಳಿ, 52ನ್ನು 80 ಮಾಡಿ, ವಾಪಸು ಬರುತ್ತಿದ್ದೆ. ಇದನ್ನು ಹೇಳಲು ನನಗೆ ನಾಚಿಕೆ ಇಲ್ಲ.

ಯೇಸುವನ್ನು ಹಿಡಿದ ರಾತ್ರಿ ಅವನ ಶಿಷ್ಯ ಪೇತ್ರ ಏನು ಮಾಡಿದ ಅನ್ನುವ ಕತೆಯನ್ನು ನಾವು ಪ್ರತಿ ಶುಭ ಶುಕ್ರವಾರದ ಹೊತ್ತಿಗೆ ಓದುತ್ತೇವೆ. ಯೇಸು ಯಾರೆಂದೇ ಗೊತ್ತಿಲ್ಲ ಅಂತ ಅವನು ಅಂದದ್ದು ಯಾರ ಮುಂದೆ ನೋಡಿ. ರಾಜನ ಮುಂದೆ ಅಲ್ಲ, ಪಿಲಾತನ ಮುಂದೆ ಅಲ್ಲ. ಬಾಗಿಲು ಕಾಯುವ ಒಬ್ಬ ಹುಡುಗಿ "ನೀನೂ ಅವನ ಜೊತೆಯವನಲ್ವಾ?" ಅಂದಳು. ಅಲ್ಲ ಅಂದುಬಿಟ್ಟ. ಸುವಾರ್ತೆ ಬರೆದ ಯೋಹಾನನು ಅಲ್ಲೇ ಒಂದು ಮಾತು ಬರೆದಿಟ್ಟಿದ್ದಾನೆ: ಚಳಿ ಇತ್ತು, ಇದ್ದಲಿನ ಬೆಂಕಿ ಹಾಕಿದ್ದರು, ಪೇತ್ರನೂ ಅವರ ಜೊತೆ ನಿಂತು ಮೈ ಕಾಯಿಸಿಕೊಳ್ಳುತ್ತಿದ್ದ. ನನಗೆ ಈ ಚಳಿಯ ಮಾತು ತುಂಬಾ ದೊಡ್ಡದಾಗಿ ಕಾಣುತ್ತದೆ. ಕತ್ತಿಗೆ ಹೆದರದವನು, ತೋಟದಲ್ಲಿ ಕತ್ತಿ ಹಿರಿದವನು, ಬೆಂಕಿಯ ಸುತ್ತ ನಿಂತವರ ನಡುವಿಂದ ಹೊರಗೆ ಹೋಗಬೇಕಾದೀತು ಅಂತ ಹೆದರಿದ. ಕಚೇರಿಯಲ್ಲಿ ನನ್ನನ್ನು ಯಾರೂ ಶಿಲುಬೆಗೆ ಏರಿಸುತ್ತಿರಲಿಲ್ಲ. ನಾಲ್ಕು ಗಂಟೆಯ ಚಾಕ್ಕೆ ಕರೆಯುತ್ತಿರಲಿಲ್ಲ, ಅಷ್ಟೇ. ಆ ಅಷ್ಟೇ ಅನ್ನುವುದಕ್ಕೇ ಮನುಷ್ಯ ಎಷ್ಟೊಂದು ಸಹಿ ಹಾಕುತ್ತಾನೆ.

ಅದೇ ಯೋಹಾನನ ಸುವಾರ್ತೆಯ ಕೊನೆಯಲ್ಲಿ ಇನ್ನೊಂದು ಇದ್ದಲಿನ ಬೆಂಕಿ ಬರುತ್ತದೆ. ಸಮುದ್ರದ ದಡ, ಬೆಳಗಿನ ಹೊತ್ತು, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಕೆಂಡದ ಮೇಲಿನ ಮೀನಿನ ವಾಸನೆ ನಮ್ಮ ಕಡೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಬನ್ನಿ ಊಟ ಮಾಡಿ ಅಂತ ಯೇಸು ಮೊದಲು ಕರೆದ. ಪ್ರಶ್ನೆ ಕೇಳಿದ್ದು ಊಟ ಆದ ಮೇಲೆ. ಮೂರು ಸಲ ಪ್ರೀತಿಯ ಬಗ್ಗೆ ಕೇಳಿದ, ಆ ರಾತ್ರಿ ಯಾಕೆ ಹಾಗೆ ಮಾಡಿದೆ ಅಂತ ಒಂದು ಸಲವೂ ಕೇಳಲಿಲ್ಲ. ಮೊದಲನೇ ಬೆಂಕಿಯನ್ನು ಬಿಟ್ಟು ಬಂದವನಿಗೆ ಮೈ ಕಾಯಿಸಿಕೊಳ್ಳಲು ಎರಡನೇ ಬೆಂಕಿ ಇತ್ತು. ಹಿರಿಯರೇ, ನನ್ನ ಪ್ರಶ್ನೆ ಇಷ್ಟೇ. ನಮ್ಮ ಹುಡುಗನಿಗೆ ಎರಡನೇ ಬೆಂಕಿ ಎಲ್ಲಿದೆ?

ನಮ್ಮ ಹಳಬರಿಗೆ ಇದು ಗೊತ್ತಿತ್ತು. ದೇವಾಲಯದ ಮಾಡು ರಿಪೇರಿ ಮಾಡುವಾಗ ಇಳಿಸಿದ ಹೆಂಚುಗಳನ್ನು ಹಿತ್ತಲಲ್ಲಿ ಸಾಲಾಗಿ ಇಟ್ಟಿದ್ದೀರಿ. ಒಂದನ್ನು ಮಗುಚಿ ನೋಡಿ. ಬಾಸೆಲ್ ಮಿಶನ್, ಮಂಗಳೂರು ಅಂತ ಇಂಗ್ಲಿಷಿನಲ್ಲಿ ಒತ್ತಿದೆ, 1865 ಅನ್ನುವ ಇಸವಿಯೂ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಈ ಮಿಶನ್ ಕಳಿಸಿ 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳು ಹೆಂಚು ಮಾರಲು ಬಂದವರಲ್ಲ, ಸುವಾರ್ತೆ ಸಾರಲು ಬಂದವರು. ಆದರೆ ಆ ಕಾಲದಲ್ಲಿ ಒಬ್ಬ ಜಾತಿ ಬಿಟ್ಟು ದೀಕ್ಷಾಸ್ನಾನ ತೆಗೆದುಕೊಂಡರೆ ಮರುದಿನ ಅವನ ಕೆಲಸ ಹೋಗುತ್ತಿತ್ತು, ಒಕ್ಕಲು ಹೋಗುತ್ತಿತ್ತು, ಮನೆ ಹೋಗುತ್ತಿತ್ತು. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಅವರು ಓದಿದವರು, ಮುಂದೆ ಬಾಸೆಲ್‌ಗೆ ಹೋಗಿ ದೈವಶಾಸ್ತ್ರ ಕಲಿತು ಬೋಧಕರಾಗಿ ಬಂದರು. (ಆ ಕತೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರ ಮನೆಯಲ್ಲಿ ಅತ್ತವರ ಕತೆಯನ್ನು ಹೇಳುವುದಿಲ್ಲ. ಅದೂ ಇತ್ತು.) ಓದು ಇಲ್ಲದವರು, ಗದ್ದೆಯಲ್ಲಿ ದುಡಿಯುತ್ತಿದ್ದವರು ಏನು ಮಾಡಬೇಕಿತ್ತು? ಅವರಿಗೆ ಧೈರ್ಯವಾಗಿರು ಅಂತ ಹೇಳಿ ಕಳಿಸಿದರೆ ಆಗುತ್ತಿತ್ತೇ?

ಅದಕ್ಕೇ ನೇಯ್ಗೆ ಬಂತು. 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಅನ್ನುವವರು ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣಿನಿಂದ ಹೆಂಚು ಮಾಡುವ ಕಾರ್ಖಾನೆ ಶುರು ಮಾಡಿದರು. ಅಲ್ಲಿ ಎಲ್ಲವೂ ಚಂದ ಇತ್ತು ಅಂತ ನಾನು ಹೇಳುವುದಿಲ್ಲ. ಕಾರ್ಖಾನೆ ಅಂದರೆ ಕಾರ್ಖಾನೆಯೇ, ಬಿಳಿಯರ ಯಜಮಾನಿಕೆಯೂ ಇತ್ತು. ಆದರೆ ಒಂದು ವಿಷಯ ಅವರಿಗೆ ಅರ್ಥ ಆಗಿತ್ತು. ಮನಸ್ಸಾಕ್ಷಿಯ ಮಾತು ಕೇಳಿ ಮನೆ ಬಿಟ್ಟವನಿಗೆ ಪ್ರಸಂಗದ ಜೊತೆ ಸಂಬಳವೂ ಬೇಕು. ಕರಾವಳಿಯ ಎಷ್ಟೋ ಮನೆಗಳ ಮೇಲೆ ಕೂತ ಹೆಂಚು ಹುಟ್ಟಿದ ಹಿಂದೆ ಈ ಲೆಕ್ಕವೂ ಇದೆ. ಆ ಮಾಡಿನ ಕೆಳಗೇ ಕೂತು ನಾವು ಹುಡುಗನಿಗಾಗಿ ಆಮೆನ್ ಹೇಳಿ ಎದ್ದು ಬಂದೆವು.

ಇನ್ನೊಂದು ಊರಿನ ವಿಷಯವನ್ನೂ ಹೇಳಬೇಕು. ಫ್ರಾನ್ಸಿನ ಗುಡ್ಡಗಾಡಿನಲ್ಲಿ ಲು ಶಾಂಬೋನ್ ಅಂತ ಒಂದು ಹಳ್ಳಿ. ಹೆಚ್ಚಿನವರು ಪ್ರೊಟೆಸ್ಟೆಂಟರು, ಕ್ಯಾಥೊಲಿಕರೇ ಜಾಸ್ತಿ ಇರುವ ದೇಶದಲ್ಲಿ ತಲೆಮಾರುಗಳಷ್ಟು ಕಾಲ ಹಿಂಸೆ ಅನುಭವಿಸಿದವರ ಮೊಮ್ಮಕ್ಕಳು. 1940ರ ಜೂನ್ 22ರಂದು ಫ್ರಾನ್ಸ್ ಹಿಟ್ಲರನ ಜೊತೆ ಕದನವಿರಾಮಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ. ಅಲ್ಲಿನ ಸಭಾಪಾಲಕರು ಆಂದ್ರೆ ತ್ರೋಕ್ಮೆ ಪ್ರಸಂಗದಲ್ಲಿ ಹೇಳಿದ್ದು, ಸುವಾರ್ತೆಗೆ ವಿರುದ್ಧವಾದದ್ದನ್ನು ಮಾಡಲು ಒತ್ತಾಯ ಬಂದರೆ ಆತ್ಮದ ಆಯುಧಗಳಿಂದ ಎದುರಿಸೋಣ ಅಂತ. ಕೇಳಲು ಎಷ್ಟು ಚಂದದ ಮಾತು ಅಲ್ವಾ? ಆದರೆ ಆಮೇಲೆ ನಾಲ್ಕು ವರ್ಷ ಆ ಊರಿನವರು ಹಿಡಿದ ಆಯುಧ ಏನು? ಹಾಸಿಗೆ, ಸೂಪು, ಶಾಲೆಯಲ್ಲಿ ಒಂದು ಬೆಂಚು, ಸುಳ್ಳು ಹೆಸರಿನ ಗುರುತಿನ ಚೀಟಿ. ಚಳಿಗಾಲದಲ್ಲಿ ಒಬ್ಬಳು ಯಹೂದಿ ಹೆಂಗಸು ಬಾಗಿಲು ತಟ್ಟಿದಾಗ ಸಭಾಪಾಲಕರ ಹೆಂಡತಿ ಮಾಗ್ದಾ ಒಳಗೆ ಬಾ ಅಂದರು. ಅಲ್ಲಿಂದ ಶುರುವಾಗಿ ಆ ಊರು, ಸುತ್ತಲಿನ ಹಳ್ಳಿಗಳು ಸೇರಿ ಸಾವಿರಾರು ಜನರನ್ನು ಬಚ್ಚಿಟ್ಟು ಉಳಿಸಿದವು. ಒಬ್ಬರೇ ಆಗಿದ್ದರೆ ಒಂದೇ ವಾರದಲ್ಲಿ ಸಿಕ್ಕಿಬೀಳುತ್ತಿದ್ದರು. ಪಕ್ಕದ ಮನೆಯವರೂ ಬಾಯಿ ಬಿಡಲಿಲ್ಲ, ಅವರ ಪಕ್ಕದ ಮನೆಯವರೂ ಬಿಡಲಿಲ್ಲ. ಸಭೆ ಅಂದರೆ ಅದು.

ಧೈರ್ಯ ಕ್ರೈಸ್ತರ ಮನೆ ಆಸ್ತಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯ ಊರಿನ ಹುಡುಗ ಮಂಜುನಾಥ್ ಷಣ್ಮುಗಂ, ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿ, ಉತ್ತರ ಪ್ರದೇಶದಲ್ಲಿ ಕಲಬೆರಕೆ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ. 2005ರ ನವೆಂಬರಿನಲ್ಲಿ ಅವನನ್ನು ಗುಂಡು ಹೊಡೆದು ಕೊಂದರು. ಅವನಿಗೆ 27 ವರ್ಷ. ಅವನ ಹೆಸರಿನಲ್ಲಿ ಟ್ರಸ್ಟ್ ಆಯಿತು, ಸಿನಿಮಾ ಕೂಡ ಬಂತು, ಎಲ್ಲವೂ ಅವನು ಸತ್ತ ಮೇಲೆ. ನನಗೆ ಚುಚ್ಚುವುದು ಈ ಸತ್ತ ಮೇಲೆ ಅನ್ನುವುದು. ನಾವೂ ಹಾಗೇ ಅಲ್ವಾ? ನಂಬಿಕೆಗಾಗಿ ಸತ್ತ ರಕ್ತಸಾಕ್ಷಿಗಳ ಮೇಲೆ ಹಾಡು ಇದೆ. ಬದುಕಿರುವ, ಬಾಡಿಗೆ ಕಟ್ಟಬೇಕಾದ ಸಾಕ್ಷಿಗೆ ಏನಿದೆ?

ಈಗ ಸ್ವಲ್ಪ ಖಾರದ ಮಾತು. ಹುಡುಗನ ಬೆನ್ನಿಗೆ ನಿಲ್ಲಲು ನಮಗೆ ಮುಜುಗರ ಯಾಕೆ ಅಂತ ನಾನು ಯೋಚಿಸಿದೆ. ಅವನ ಬೆನ್ನಿಗೆ ನಿಂತರೆ ನಮ್ಮ ರಿಜಿಸ್ಟರನ್ನೂ ತೆರೆಯಬೇಕಾಗುತ್ತದೆ. ನಮ್ಮ ಹಾಲ್ ಬಾಡಿಗೆಗೆ ಕೊಡುವಾಗ ಪಡೆಯುವ ಮೊತ್ತ ಒಂದು, ರಸೀದಿಯಲ್ಲಿ ಬರೆಯುವ ಮೊತ್ತ ಒಂದು. ಯಾರ ಜೇಬಿಗೂ ಹೋಗುವುದಿಲ್ಲ, ದೇವಾಲಯದ ಕೆಲಸಕ್ಕೇ ಹೋಗುತ್ತದೆ, ನನಗೆ ಗೊತ್ತು. ಆದರೂ 200 ಬರೆದು 140 ಕೊಡುವುದಕ್ಕೂ ಇದಕ್ಕೂ ವ್ಯತ್ಯಾಸ ಏನು ಅಂತ ದೃಢೀಕರಣದ ಕ್ಲಾಸಿನಲ್ಲಿ (ಸಭೆಯ ಪೂರ್ಣ ಸದಸ್ಯರಾಗುವ ಮೊದಲು ಮಕ್ಕಳಿಗೆ ನಡೆಸುವ ಪಾಠದಲ್ಲಿ) ಒಬ್ಬ ಮಗು ಕೇಳಿದರೆ ಏನು ಹೇಳುತ್ತೀರಿ? ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಅನ್ನುವ ಜ್ಞಾನೋಕ್ತಿಯನ್ನು ನಾವೇ ಆ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ.

ಮದುವೆ ವಿಷಯ ಇನ್ನೊಂದು. ಹೆಣ್ಣು ನೋಡಲು ಬಂದವರು ಕಾಪಿ ಕುಡಿದು, ಹಾಡು ಹಾಡಿ, ಪ್ರಾರ್ಥನೆ ಮಾಡಿ, ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲಗೆ ಕೇಳುತ್ತಾರೆ: "ಅಲ್ಲ, ನಿಮ್ಮ ಮೂಲ ಯಾವ ಕಡೆ?" ಯಾವ ಊರು ಅಂತ ಕೇಳಿದ್ದಲ್ಲ ಅಂತ ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಜಾತಿ ಬಿಟ್ಟದ್ದಕ್ಕೆ ಮನೆ ಕಳೆದುಕೊಂಡವರ ಮರಿಮಕ್ಕಳು ನಾವು! ನನ್ನ ಮಗಳ ಮದುವೆಯಲ್ಲಿ ಈ ಪ್ರಶ್ನೆ ಬಂದಾಗ ನಾನೂ ಉತ್ತರ ಕೊಟ್ಟುಬಿಟ್ಟೆ. ಟ್ರಂಕಿನ ಮುಂದೆ ನಿಂತವಳು ಆ ಪ್ರಶ್ನೆಯ ಮುಂದೆ ನಿಲ್ಲಲಿಲ್ಲ. ಆದ್ದರಿಂದ ಬೆರಳು ತೋರಿಸಲು ನನಗೂ ಹಕ್ಕಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಎಲ್ಲರೂ ನಾಳೆಯೇ ಕೆಲಸ ಬಿಟ್ಟು ಬನ್ನಿ ಅಂತ ಪ್ರಸಂಗ ಮಾಡಬೇಡಿ. ಸ್ನಾನಿಕನಾದ ಯೋಹಾನ ಸುಂಕದವರಿಗೆ ಸುಂಕದ ಕೆಲಸ ಬಿಡಿ ಅನ್ನಲಿಲ್ಲ, ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅಂದ. ಅದೇ ಜಾಗದಲ್ಲಿ ಕೂತು ಅದನ್ನು ಮಾಡುವುದು ಕೆಲಸ ಬಿಡುವುದಕ್ಕಿಂತ ಕಷ್ಟ, ನನ್ನನ್ನು ಕೇಳಿ. ದೃಢೀಕರಣದ ಮಕ್ಕಳಿಗೆ ಆರು ತಿಂಗಳು ವಿಶ್ವಾಸ ಪ್ರಮಾಣ ಕಲಿಸುತ್ತೀರಿ. ಅದರಲ್ಲಿ ಒಂದು ದಿನ ನನಗೆ ಕೊಡಿ. ಸ್ಟಾಕ್ ರಿಜಿಸ್ಟರ್ ಅಂದರೆ ಏನು, ಸಹಿ ಅಂದರೆ ಏನು, ಸಾಹೇಬರು ಚಾ ತರಿಸಿದಾಗ ಏನು ಹೇಳಬೇಕು ಅಂತ ಹೇಳಿಕೊಡುತ್ತೇನೆ. ಆ ಮಾತ್ರೆಯ ಹುಡುಗನೂ ಬರಲಿ, ಸ್ಟ್ರಿಪ್ ಎಲ್ಲಿಂದ ಕತ್ತರಿಸಬೇಕು ಅಂತ ತೋರಿಸಲಿ. ಎರಡು ವಾರ ಉಲ್ಟಾ ಕತ್ತರಿಸಿದ್ದನ್ನೂ ಹೇಳಲಿ. ಮಕ್ಕಳು ಅದನ್ನೇ ಹೆಚ್ಚು ನೆನಪಿಡುತ್ತಾರೆ.

ಮತ್ತೆ ನಮ್ಮ ಬಡವರ ನಿಧಿ. ಅದರಿಂದ ಕಾಯಿಲೆಗೆ ಕೊಡುತ್ತೇವೆ, ಸಾವಿಗೆ ಕೊಡುತ್ತೇವೆ, ಶಾಲೆಯ ಫೀಸಿಗೆ ಕೊಡುತ್ತೇವೆ. ಸರಿಯಾದದ್ದನ್ನು ಮಾಡಿ ಸಂಬಳ ಹೋದವರಿಗೂ ಮೂರು ತಿಂಗಳು ಅರ್ಧ ಸಂಬಳ ಕೊಡಬಹುದು ಅಂತ ಒಂದು ಸಾಲು ಸೇರಿಸಿ. ಈ ಹುಡುಗನಿಗೆ ಅದು 21,000 ರೂಪಾಯಿ ಆಗುತ್ತದೆ. ಜಾಸ್ತಿ ಅನಿಸಿದರೆ ಹೋದ ವರ್ಷದ ಬೆಳೆ ಹಬ್ಬ ನೆನಪು ಮಾಡಿಕೊಳ್ಳಿ. ಏಲಂನಲ್ಲಿ ಒಂದು ಕುಂಬಳಕಾಯಿಗೆ ಇಬ್ಬರು ಹಿರಿಯರು ಜಿದ್ದಿಗೆ ಬಿದ್ದು 4,200ಕ್ಕೆ ಹೋಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹುಡುಗನ ಮೂರು ತಿಂಗಳು ಅಂದರೆ ಐದು ಕುಂಬಳಕಾಯಿ.

ದುರುಪಯೋಗ ಆದರೆ ಅಂತ ಯಾರಾದರೂ ಕೇಳುತ್ತೀರಿ. ಆಗಬಹುದು. ಕಾಯಿಲೆ ಅಂತ ಸುಳ್ಳು ಹೇಳಿ ತೆಗೆದುಕೊಂಡವರೂ ಇದ್ದಾರೆ, ಅದಕ್ಕೆ ನಿಧಿ ಮುಚ್ಚಲಿಲ್ಲವಲ್ಲ. ವಿಚಾರಿಸಿ ಕೊಡಿ. ಹಾಗೇ ಮುಂದಿನ ಸಲ ಪ್ರಾರ್ಥನೆಯಲ್ಲಿ ಅವನ ವಿಷಯ ಬಂದಾಗ ಕೆಲಸ ಕಳೆದುಕೊಂಡವನು ಅನ್ನಬೇಡಿ. ಏನಾಯಿತೋ ಅದನ್ನು ಹೇಳಿ. ಅವನು ಹಿಂದಿನಿಂದ ನಾಲ್ಕನೇ ಬೆಂಚಿನಲ್ಲಿ ಕೂತಿರುತ್ತಾನೆ, ತಲೆ ಬಗ್ಗಿಸಿಕೊಂಡು. ತಪ್ಪು ಮಾಡಿದವನ ಹಾಗೆ.

ಬರುವ ಶನಿವಾರ ಕಮಿಟಿ ಸೇರುತ್ತದೆ ಅಂತ ನೋಟೀಸ್ ಬೋರ್ಡಿನಲ್ಲಿ ನೋಡಿದೆ. ನಾನು ಒಂದು ಕುಂಬಳಕಾಯಿಯ ದುಡ್ಡು ತರುತ್ತೇನೆ, 4,200 ರೂಪಾಯಿ. ನನಗೆ ರಸೀದಿ ಬೇಕು, ಪೂರ್ತಿ ಮೊತ್ತಕ್ಕೆ. ಯಾವ ಬಾಬ್ತು ಅಂತ ಬರೆಯುವ ಜಾಗದಲ್ಲಿ "ಬೇಡ ಅಂದವನಿಗೆ" ಅಂತ ಬರೆಯಿರಿ.

ಇಂತಿ,
ಎಡಗಡೆಯ ಮೂರನೇ ಬೆಂಚಿನಲ್ಲಿ ಕೂರುವ ನಿಮ್ಮ ಸಹೋದರಿ